ಅಪ್ಪನ ಫಿಯಟ್‌ಗೆ ಎಷ್ಟು ರೂಪಾಯಿಯ ಇನ್ಶೂರೆನ್ಸ್ ಮಾಡಿಸಬೇಕು?

ಮಾಟುಂಗ, ಸಯನ್, ಡೊಂಬಿವಲಿ, ಪುಣೆಯ ಡೆಕ್ಕನ್ ಕಡೆಯ ಹಳೆ ಬಿಲ್ಡಿಂಗ್‌ಗಳ ಕಾಂಪೌಂಡಿನಲ್ಲಿ ಕವರ್ ಹೊದ್ದು ನಿಂತ, ಜನ ಫಿಯಟ್ ಅಂತಲೇ ಕರೆಯುವ ಪ್ರೀಮಿಯರ್ ಪದ್ಮಿನಿಯೋ ಅಂಬಾಸಡರೋ ಇನ್ನೂ ಕಾಣಸಿಗುತ್ತದೆ. ಎಷ್ಟೋ ಕನ್ನಡದ ಮನೆಗಳಲ್ಲಿ ಅದು ಅಪ್ಪ ಕೊಂಡ ಮೊದಲ ಕಾರು. ಮಾರಲು ಮನಸ್ಸಿಲ್ಲ, ದಿನಾ ಓಡಿಸಲು ಆಗುವುದಿಲ್ಲ. ಇನ್ಶೂರೆನ್ಸ್ ಮುಗಿಯುವ ವಾರ ಮಾತ್ರ ಅದರ ಬಗ್ಗೆ ಮನೆಯಲ್ಲಿ ಮಾತು ಬರುತ್ತದೆ. ಆನ್‌ಲೈನ್‌ನಲ್ಲಿ ನಂಬರ್ ಹಾಕಿದರೆ ಎಷ್ಟೋ ಸಲ ಮಾಡೆಲೇ ಸಿಗುವುದಿಲ್ಲ. ಸಿಕ್ಕರೂ ಬೇರೆಯವರಿಗಾದ ಹಾನಿಯನ್ನು ಮಾತ್ರ ಭರಿಸುವ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಒಂದೇ ತೋರಿಸುತ್ತದೆ. ಏಜೆಂಟರನ್ನು ಕೇಳಿದರೆ, "ಇಷ್ಟು ಹಳೆ ಗಾಡಿಗೆ ಫುಲ್ ಇನ್ಶೂರೆನ್ಸ್ ಯಾಕೆ ಸರ್, ಸುಮ್ನೆ ದುಡ್ಡು ದಂಡ" ಅನ್ನುತ್ತಾರೆ.

ಏಜೆಂಟರ ಮಾತಿನಲ್ಲಿ ಅರ್ಧ ನಿಜವಿದೆ. ಬೆಲೆ ಸರಿಯಾಗಿ ಬರೆಸದ ಫುಲ್ ಇನ್ಶೂರೆನ್ಸ್ ನಿಜಕ್ಕೂ ದಂಡವೇ. ಆದರೆ ಬೆಲೆಯನ್ನು ಸರಿಯಾಗಿ ಬರೆಸಿಕೊಳ್ಳುವ ದಾರಿ ನಮ್ಮ ಮಾಮೂಲಿ ಪಾಲಿಸಿಯಲ್ಲೇ ಇದೆ. ಹೆಚ್ಚಿನವರಿಗೆ ಅದು ಗೊತ್ತಿಲ್ಲ, ಅಷ್ಟೇ.

ಮೊದಲು ಥರ್ಡ್ ಪಾರ್ಟಿ ವಿಷಯ ಮುಗಿಸಿಬಿಡೋಣ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ರಸ್ತೆಗಿಳಿಯುವ ಯಾವ ಗಾಡಿಗೂ ಇದು ಬೇಕೇ ಬೇಕು. ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ, ಕಂಪನಿ ಬದಲಿಸಿದರೆ ಕಮ್ಮಿಯಾಗುವುದಿಲ್ಲ. 2022ರ ಜೂನ್‌ನಲ್ಲಿ ಬಂದ ದರದಂತೆ 1000ದಿಂದ 1500 ಸಿಸಿ ನಡುವಿನ ಖಾಸಗಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ. 1500 ಸಿಸಿ ದಾಟಿದರೆ 7,897. ಮೇಲೆ 18% ಜಿಎಸ್‌ಟಿ. 1089 ಸಿಸಿಯ ಪದ್ಮಿನಿ, 1489 ಸಿಸಿಯ ಪೆಟ್ರೋಲ್ ಅಂಬಾಸಡರ್ ಎರಡೂ ಮೊದಲ ಗುಂಪಿಗೇ ಬರುತ್ತವೆ. ನಿಮ್ಮ ಕಾರಿನಿಂದ ಬೇರೆಯವರಿಗೆ ಗಾಯ ಅಥವಾ ಸಾವು ಆದರೆ ಕೋರ್ಟ್ ಹೇಳಿದಷ್ಟು ಪರಿಹಾರವನ್ನು ಇದು ಕೊಡುತ್ತದೆ. ಬೇರೆಯವರ ಆಸ್ತಿಗೆ ಹಾನಿಯಾದರೆ 7.5 ಲಕ್ಷದವರೆಗೆ. ನಿಮ್ಮ ಕಾರಿಗೆ ಏನಾದರೂ ಆದರೆ ಒಂದು ಪೈಸೆಯೂ ಇಲ್ಲ.

ನಿಮ್ಮ ಕಾರಿನ ಭಾಗವನ್ನು ನೋಡಿಕೊಳ್ಳುವುದು ಓನ್ ಡ್ಯಾಮೇಜ್, ಏಜೆಂಟರ ಬಾಯಲ್ಲಿ ಓಡಿ. ಥರ್ಡ್ ಪಾರ್ಟಿ ಮತ್ತು ಓಡಿ ಸೇರಿದರೆ ಫುಲ್ ಇನ್ಶೂರೆನ್ಸ್. ತಲೆನೋವು ಶುರುವಾಗುವುದು ಇಲ್ಲಿ.

ಐಡಿವಿ ಎಂಬ ಒಂದೇ ಒಂದು ಅಂಕಿ

ಓಡಿ ಪಾಲಿಸಿಯಲ್ಲಿ ಕಾರಿಗೆ ಒಂದು ಬೆಲೆ ಬರೆದಿರುತ್ತಾರೆ. ಅದೇ ಐಡಿವಿ (ಇನ್ಶೂರ್ಡ್ ಡಿಕ್ಲೇರ್ಡ್ ವ್ಯಾಲ್ಯೂ). ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಕಂಪನಿ ಕೊಡುವ ಗರಿಷ್ಠ ಮೊತ್ತ ಅದು. ಹೊಸ ಕಾರಿಗೆ ಇದರ ಲೆಕ್ಕ ಸಲೀಸು. ಆ ಮಾಡೆಲಿನ ಇವತ್ತಿನ ಶೋರೂಮ್ ಬೆಲೆಯಲ್ಲಿ ವಯಸ್ಸಿಗೆ ತಕ್ಕಂತೆ ಕಳೆಯುತ್ತಾರೆ. ಆರು ತಿಂಗಳೊಳಗೆ 5%, ಒಂದು ವರ್ಷದೊಳಗೆ 15%, ಹೀಗೇ ಏರುತ್ತ ನಾಲ್ಕರಿಂದ ಐದು ವರ್ಷದ ಕಾರಿಗೆ 50%. ಕೋಷ್ಟಕ ಅಲ್ಲಿಗೆ ಮುಗಿಯುತ್ತದೆ.

ಐದು ವರ್ಷ ದಾಟಿದ ಕಾರಿಗೆ, ಮತ್ತು ಕಂಪನಿ ತಯಾರಿಸುವುದನ್ನೇ ನಿಲ್ಲಿಸಿದ ಮಾಡೆಲ್‌ಗೆ, ನಿಯಮ ಬೇರೆ. ಇನ್ಶೂರೆನ್ಸ್ ಕಂಪನಿಯೂ ಮಾಲೀಕರೂ ಮಾತಾಡಿ ಒಪ್ಪಿಕೊಂಡ ಬೆಲೆಯೇ ಐಡಿವಿ. ಇದು ಗಾಡಿಗಳ ಇನ್ಶೂರೆನ್ಸ್ ದರ, ಷರತ್ತುಗಳನ್ನು ನಿಗದಿ ಮಾಡಿದ 2002ರ ಇಂಡಿಯಾ ಮೋಟಾರ್ ಟ್ಯಾರಿಫ್‌ನಿಂದ ಬಂದ ನಿಯಮ. ಓಡಿ ದರಗಳ ಮೇಲಿನ ಕಟ್ಟು 2007ರಲ್ಲಿ ಸಡಿಲವಾಯಿತು. ಆದರೆ ಪಾಲಿಸಿಗಳ ಮಾತುಗಳು ಇವತ್ತಿಗೂ ಬಹುಪಾಲು ಆ ಟ್ಯಾರಿಫ್‌ನವೇ. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ ಪದ್ಮಿನಿ ಬರುವುದು ನಿಂತು ಎರಡು ದಶಕ ದಾಟಿದೆ. ಕೊನೆಯ ಅಂಬಾಸಡರ್ ಹೊರಬಂದದ್ದು 2014ರಲ್ಲಿ. ಅಂದರೆ ಇವೆರಡರ ಬೆಲೆಯನ್ನೂ ಮಾತಾಡಿಯೇ ನಿರ್ಧರಿಸಬೇಕು.

ಆದರೆ ನಡೆಯುವುದೇನು? ಮಾತುಕತೆ ಯಾರೂ ಮಾಡುವುದಿಲ್ಲ. ಕಂಪ್ಯೂಟರ್ ಹೋದ ವರ್ಷದ ಅಂಕಿಯಿಂದ ಇನ್ನೊಂದಿಷ್ಟು ಕಳೆದು ಒಂದು ಐಡಿವಿ ತೋರಿಸುತ್ತದೆ. ಪ್ರೀಮಿಯಂ ಕಮ್ಮಿ ಕಂಡದ್ದರಿಂದ ನಾವೂ ಸೈ ಅಂದುಬಿಡುತ್ತೇವೆ. ಹೀಗೇ ಇಳಿಯುತ್ತ ಒಳ್ಳೆ ಕಂಡಿಷನ್ನಿನ ಕಾರಿನ ಐಡಿವಿ ಮೂವತ್ತು, ನಲವತ್ತು, ಅರವತ್ತು ಸಾವಿರಕ್ಕೆ ಬಂದು ನಿಂತಿರುತ್ತದೆ.

ಇದರಲ್ಲೇನು ಅಪಾಯ, ಕಳುವಾದರೆ ತಾನೇ ನಷ್ಟ ಅನ್ನಿಸಬಹುದು. ಅಲ್ಲ. ಚಿಕ್ಕ ಅಪಘಾತದಲ್ಲೇ ನಿಮ್ಮ ಕಾರು ಕೈತಪ್ಪಿ ಹೋಗಬಹುದು. ಹೇಗೆ ಅಂತ ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ.

ಸಯನ್ ಸರ್ಕಲ್ ಹತ್ತಿರ ಒಂದು ಟೆಂಪೋ ನಿಮ್ಮ ಪದ್ಮಿನಿಯ ಮುಂಭಾಗಕ್ಕೆ ಗುದ್ದಿತು ಅಂದುಕೊಳ್ಳಿ. ಬಾನೆಟ್, ಗ್ರಿಲ್, ಬಂಪರ್, ಎರಡೂ ಫೆಂಡರ್ ಹೋದವು. ಗ್ಯಾರೇಜಿನ ಬಿಲ್ 91,000. ಅದರಲ್ಲಿ ತಗಡಿನ ಭಾಗಗಳು 40,000, ಪೇಂಟ್ ಸಾಮಾನು 16,000, ಡೆಂಟಿಂಗ್ ಪೇಂಟಿಂಗ್ ಕೂಲಿ 35,000. ಕಂಪನಿ ಬಿಲ್ ಪೂರ್ತಿ ಕೊಡುವುದಿಲ್ಲ. ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೆ 50% ಸವಕಳಿ ಕಳೆಯುತ್ತಾರೆ. ಪೇಂಟ್ ಸಾಮಾನಿಗೂ 50%. ಕೂಲಿಗೆ ಕಳೆಯುವುದಿಲ್ಲ. ಅಲ್ಲಿಗೆ 20,000, 8,000, 35,000 ಸೇರಿ 63,000. ಇದರಲ್ಲಿ 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ನಾವೇ ಹೊರಬೇಕಾದ 1,000 ಕಳೆದರೆ ಕೈಗೆ 62,000. ನಿಮ್ಮ ಜೇಬಿನಿಂದ 29,000. ಇಷ್ಟೇ ಆದರೆ ಬೇಸರವಿಲ್ಲ.

ಈಗ ಐಡಿವಿ ನೋಡಿ. ಪಾಲಿಸಿಯಲ್ಲಿ ಇನ್ನೊಂದು ಸಾಲಿದೆ. ಷರತ್ತುಗಳಿಗೆ ಒಳಪಟ್ಟ ರಿಪೇರಿ ಖರ್ಚು ಐಡಿವಿಯ 75% ದಾಟಿದರೆ ಕಾರನ್ನು ಪೂರ್ತಿ ಹಾಳಾದ ಲೆಕ್ಕಕ್ಕೆ ಸೇರಿಸುತ್ತಾರೆ. ಐಡಿವಿ 60,000 ಇದ್ದರೆ ಅದರ 75% ಅಂದರೆ 45,000. ನಮ್ಮ 63,000 ಆ ಗೆರೆಯನ್ನು ಯಾವಾಗಲೋ ದಾಟಿತು. ಆಗ ಕಂಪನಿ 59,000 ಕೊಟ್ಟು ಕಾರನ್ನು ತಾನೇ ಎತ್ತಿಕೊಂಡು ಹೋಗಬಹುದು. ಮುಂಭಾಗ ಮಾತ್ರ ನುಜ್ಜಾದ, ಎಂಜಿನ್ ಗಟ್ಟಿಯಾಗಿರುವ ಅಪ್ಪನ ಫಿಯಟ್ ಗುಜರಿಗೆ. ಅದೇ ಕಾರಿನ ಐಡಿವಿ 4 ಲಕ್ಷ ಇದ್ದಿದ್ದರೆ ಗೆರೆ 3 ಲಕ್ಷದಲ್ಲಿ ಇರುತ್ತಿತ್ತು. 62,000 ತೆಗೆದುಕೊಂಡು ರಿಪೇರಿ ಮಾಡಿಸಿ ಕಾರನ್ನು ಮನೆಗೆ ತರಬಹುದಿತ್ತು.

ಗುಜರಿಯ ಬೆಲೆ ಕಳೆದುಕೊಂಡು ಕಾರನ್ನು ನಮಗೇ ಬಿಡಿ ಅಂತ ಕೇಳುವ ದಾರಿಯೂ ಇದೆ. ಬಹಳ ಕಂಪನಿಗಳು ಒಪ್ಪುತ್ತವೆ. ಆದರೆ ಆಗ ಕೈಗೆ ಬರುವ ದುಡ್ಡು ಇನ್ನೂ ಕಮ್ಮಿ.

ಐಡಿವಿ ಜಾಸ್ತಿ ಮಾಡಿದರೆ ಪ್ರೀಮಿಯಂ ಎಷ್ಟು ಏರುತ್ತದೆ? ಹಳೆ ಟ್ಯಾರಿಫ್‌ನಲ್ಲಿ ಮುಂಬೈ, ಪುಣೆ ಎರಡೂ 'ಎ' ವಲಯ. ಹತ್ತು ವರ್ಷ ದಾಟಿದ 1000ದಿಂದ 1500 ಸಿಸಿಯ ಕಾರಿಗೆ ಅಲ್ಲಿನ ದರ ಐಡಿವಿಯ 3.529%. 60,000ಕ್ಕೆ 2,117 ರೂಪಾಯಿ, 4 ಲಕ್ಷಕ್ಕೆ 14,116. ಇದು ಮೂಲ ದರ. ಈಗ ಕಂಪನಿಗಳು ಇದರ ಮೇಲೆ ತಮ್ಮ ಲೆಕ್ಕದಂತೆ ರಿಯಾಯಿತಿ ಕೊಡುತ್ತವೆ, ಜೊತೆಗೆ ಕ್ಲೇಮ್ ಇಲ್ಲದ ವರ್ಷಗಳಿಗೆ 20%ರಿಂದ 50%ವರೆಗೆ ಬೋನಸ್. ಆ ಬೋನಸ್ ಸೇರುವುದು ಮಾಲೀಕರಿಗೆ, ಕಾರಿಗಲ್ಲ. ಆದರೆ ಪಾಲಿಸಿ ಮುಗಿದು 90 ದಿನ ದಾಟಿದರೆ ಅದೂ ಹೋಗುತ್ತದೆ. ನಿಂತ ಕಾರಿನ ಮಾಲೀಕರು ಕಳೆದುಕೊಳ್ಳುವುದು ಹೀಗೇ. ಇದಲ್ಲದೆ ಆಟೊಮೊಬೈಲ್ ಅಸೋಸಿಯೇಷನ್ ಸದಸ್ಯರಿಗೆ ಓಡಿಯಲ್ಲಿ 5%, ಗರಿಷ್ಠ 200 ರೂಪಾಯಿ. ಪುಣೆಯ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಒಪ್ಪಿದ ಕಳ್ಳತನ ತಡೆ ಸಾಧನಕ್ಕೆ 2.5%, ಗರಿಷ್ಠ 500. ಕೊನೆಯ ಎರಡನ್ನು ನಂಬಿಕೊಂಡು ಯಾರೂ ಶ್ರೀಮಂತರಾಗಲ್ಲ ಬಿಡಿ.

ಒಪ್ಪಿದ ಬೆಲೆ ಎಂಬ ಅಮೆರಿಕದ ಪದ್ಧತಿ, ನಮ್ಮದು

ಹಳೆ ಕಾರಿನ ಇನ್ಶೂರೆನ್ಸ್ ಅಂತ ಹುಡುಕಿದರೆ ಸಿಗುವುದೆಲ್ಲ ಅಮೆರಿಕದ ಮಾಹಿತಿ. ಅಲ್ಲಿ ಮೂರು ಬಗೆ ಇವೆ. ಮಾಮೂಲಿ ಪಾಲಿಸಿಯಲ್ಲಿ ಅಪಘಾತದ ದಿನದ ಮಾರುಕಟ್ಟೆ ಬೆಲೆ, ಸವಕಳಿ ಕಳೆದು. ಎರಡನೆಯದರಲ್ಲಿ ಬೆಲೆ ನೀವು ಹೇಳುತ್ತೀರಿ. ಆದರೆ ಕ್ಲೇಮ್ ಸಮಯದಲ್ಲಿ ನೀವು ಹೇಳಿದ್ದು ಅಥವಾ ಮಾರುಕಟ್ಟೆ ಬೆಲೆ, ಯಾವುದು ಕಮ್ಮಿಯೋ ಅದನ್ನು ಕೊಡುತ್ತಾರೆ. ಜನ ಮೋಸ ಹೋಗುವುದು ಇದರಲ್ಲೇ. ಮೂರನೆಯದು ಒಪ್ಪಿದ ಬೆಲೆ. ಮೊದಲೇ ಇಬ್ಬರೂ ಒಪ್ಪಿ ಬರೆದ ಮೊತ್ತ, ಪೂರ್ತಿ ನಷ್ಟವಾದರೆ ಅಷ್ಟೂ ಸಿಗುತ್ತದೆ. ಹ್ಯಾಗರ್ಟಿಯಂತಹ ಹಳೆ ಕಾರುಗಳ ವಿಶೇಷ ಕಂಪನಿಗಳು ಮಾರುವುದು ಇದನ್ನೇ. ಅವು ಕೇಳುವ ಷರತ್ತುಗಳೂ ಇವೆ. ಕಾರು ಬೀಗವಿರುವ ಗ್ಯಾರೇಜಿನಲ್ಲಿ ಇರಬೇಕು, ದಿನದ ಓಡಾಟಕ್ಕೆ ಮನೆಯಲ್ಲಿ ಬೇರೆ ಕಾರು ಇರಬೇಕು, ವರ್ಷಕ್ಕೆ ಓಡಿಸುವ ಮೈಲುಗಳು ಮಿತಿಯಲ್ಲಿರಬೇಕು. ಮುಂಬೈಯಲ್ಲಿ ಬಿಲ್ಡಿಂಗ್ ಕೆಳಗಿನ ತೆರೆದ ಸ್ಟಿಲ್ಟ್ ಪಾರ್ಕಿಂಗ್‌ನಲ್ಲಿ ಗಾಡಿ ನಿಲ್ಲಿಸುವವರಿಗೆ ಮೊದಲ ಷರತ್ತೇ ದಾಟಲಾಗದು.

ನಮ್ಮಲ್ಲಿ ಹೆಸರಿಟ್ಟು 'ಒಪ್ಪಿದ ಬೆಲೆ'ಯ ಪಾಲಿಸಿ ಇದ್ದದ್ದು ವಿಂಟೇಜ್ ಕಾರಿಗೆ ಮಾತ್ರ. ಟ್ಯಾರಿಫ್ ಲೆಕ್ಕದಲ್ಲಿ ವಿಂಟೇಜ್ ಅಂದರೆ 1940ರ ಡಿಸೆಂಬರ್ 31ಕ್ಕೂ ಮೊದಲು ತಯಾರಾದ, ವಿಂಟೇಜ್ ಆ್ಯಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಸರ್ಟಿಫಿಕೇಟ್ ಇರುವ ಕಾರು. ಅದಕ್ಕೆ ಓಡಿಯಲ್ಲಿ 25% ರಿಯಾಯಿತಿಯೂ ಇತ್ತು. ಆಸ್ಟಿನ್ ಸೆವೆನ್ ಇಟ್ಟುಕೊಂಡವರಿಗೆ ಇದು ಸರಿ. 1970ರ ಫಿಯಟ್ 1100 ಇಟ್ಟುಕೊಂಡವರಿಗೆ ಇದರಿಂದ ಏನೂ ಬಂದ ಹಾಗಾಗಲಿಲ್ಲ.

ಆದರೆ ಮಾಮೂಲಿ ಪಾಲಿಸಿಯ ಐಡಿವಿ ಷರತ್ತನ್ನು ಕೊನೆಯ ಸಾಲಿನವರೆಗೆ ಓದಿ. ಪಾಲಿಸಿ ಅವಧಿ ಪೂರ್ತಿ ಐಡಿವಿಯನ್ನೇ ಮಾರುಕಟ್ಟೆ ಬೆಲೆ ಎಂದು ಪರಿಗಣಿಸಲಾಗುವುದು, ಪೂರ್ತಿ ನಷ್ಟದ ಕ್ಲೇಮಿನಲ್ಲಿ ಅದರಿಂದ ಮತ್ತೆ ಸವಕಳಿ ಕಳೆಯುವಂತಿಲ್ಲ ಎಂದು ಅಲ್ಲಿ ಬರೆದಿದೆ. ಅಂದರೆ ಕೂತು ಮಾತಾಡಿ 4 ಲಕ್ಷ ಅಂತ ಬರೆಸಿದ್ದರೆ, ಕಾರು ಕಳುವಾದ ಮೇಲೆ "ಈ ಗಾಡಿಗೆ ಮಾರ್ಕೆಟ್‌ನಲ್ಲಿ ಒಂದೇ ಲಕ್ಷ" ಅನ್ನುವ ಹಾಗಿಲ್ಲ. ಅಮೆರಿಕದವರು ವಿಶೇಷ ಕಂಪನಿಗಳಿಂದ ಕೊಳ್ಳುವ ಭರವಸೆ ನಮ್ಮ ಸಾದಾ ಪಾಲಿಸಿಯಲ್ಲೇ ಇದೆ. ಬೇಕಾದದ್ದು ಆ ಅಂಕಿಗೆ ಹೋರಾಡುವ ತಾಳ್ಮೆ.

ಹೋರಾಡುವುದು ಅಂದರೆ ಕಾಗದ ಒಟ್ಟುಮಾಡುವುದು. ಆನ್‌ಲೈನ್ ಬಿಟ್ಟು ಕಂಪನಿಯ ಶಾಖೆಗೆ ಹೋಗಿ. ಸರ್ಕಾರಿ ಕಂಪನಿಗಳ ಶಾಖೆಯಲ್ಲಿ ಎದುರು ಕೂತು ಮಾತಾಡುವ ಅಧಿಕಾರಿ ಸಿಗುವ ಸಾಧ್ಯತೆ ಜಾಸ್ತಿ, ನನ್ನ ಲೆಕ್ಕದಲ್ಲಿ ಹಳೆ ಗಾಡಿಗೆ ಅಲ್ಲಿಂದಲೇ ಶುರು ಮಾಡಬೇಕು. ಗಾಡಿಯ ಬೆಲೆ, ಹಾನಿ ಅಂದಾಜು ಮಾಡುವ ಲೈಸೆನ್ಸ್ ಇರುವ ಸರ್ವೇಯರ್ ಒಬ್ಬರಿಂದ ಬೆಲೆಯ ವರದಿ ಬರೆಸಿ ಕೊಂಡೊಯ್ಯಿರಿ. ಹೊರಗೆ ನಾಲ್ಕೂ ಕಡೆಯ ಫೋಟೊ, ಒಳಗೆ ಸೀಟು, ಡ್ಯಾಷ್‌ಬೋರ್ಡ್, ಎಂಜಿನ್ ಬೇ, ಚಾಸಿ ನಂಬರ್, ಎಂಜಿನ್ ನಂಬರ್, ಕಾರಿನ ಕೆಳಗಿನ ತಗಡು, ಎಲ್ಲ ತಾರೀಕಿನ ಸಮೇತ ಇರಲಿ. ಅಂಥದೇ ಕಾರುಗಳು ಎಷ್ಟಕ್ಕೆ ಮಾರಾಟಕ್ಕಿವೆ ಅನ್ನುವ ಒಂದೆರಡು ಜಾಹೀರಾತೂ ಸೇರಿಸಿ. ಮುಖ್ಯವಾಗಿ ಬಿಲ್‌ಗಳು. ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲೋ ಪುಣೆಯ ನಾನಾ ಪೇಠೆಯಲ್ಲೋ ಸಾಮಾನು ತಂದಾಗ ಅಂಗಡಿಯವರು ಚೀಟಿಯಲ್ಲಿ ಬರೆದುಕೊಡುತ್ತಾರೆ. ಅದಕ್ಕೆ ಬೆಲೆಯಿಲ್ಲ. ನಾಲ್ಕು ಕಾಸು ಜಾಸ್ತಿಯಾದರೂ ಜಿಎಸ್‌ಟಿ ಬಿಲ್ ತಗೊಳ್ಳಿ. ರೆಸ್ಟೋರ್ ಮಾಡಿಸಲು ಹಾಕಿದ ದುಡ್ಡಷ್ಟನ್ನೂ ಐಡಿವಿಗೆ ಸೇರಿಸಲು ಕಂಪನಿ ಒಪ್ಪುವುದಿಲ್ಲ, ಮೂರು ಲಕ್ಷ ಸುರಿದ ಮಾತ್ರಕ್ಕೆ ಕಾರಿನ ಬೆಲೆ ಮೂರು ಲಕ್ಷ ಏರುವುದೂ ಇಲ್ಲ. ಆದರೆ ಬಿಲ್ ಇಲ್ಲದೆ ಮಾತೇ ಶುರುವಾಗುವುದಿಲ್ಲ.

ವಿಎ ನಂಬರ್ ಬೇಕಾ?

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿತು. ಇಲ್ಲಿ ವಿಂಟೇಜ್ ಅಂದರೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರುವ ಗಾಡಿ. ಟ್ಯಾರಿಫ್‌ನ 1940ಕ್ಕೂ ಇದಕ್ಕೂ ಸಂಬಂಧವಿಲ್ಲ, ಏಜೆಂಟರು ಎರಡನ್ನೂ ಕಲಸಿಬಿಡುತ್ತಾರೆ. ಹೀಗೆ ನೋಂದಾಯಿಸಿದರೆ ರಾಜ್ಯದ ಅಕ್ಷರಗಳ ನಂತರ 'ವಿಎ' ಎಂದು ಬರುವ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಬಾಳಿಕೆ, ಆಮೇಲೆ ನವೀಕರಣಕ್ಕೆ 5,000. ಅರ್ಜಿ ಹಾಕುವಾಗಲೇ ಇನ್ಶೂರೆನ್ಸ್ ಪಾಲಿಸಿ ಕೊಡಬೇಕು.

2022ರ ದರಪಟ್ಟಿ ಇಂಥ ಕಾರಿಗೆ ಥರ್ಡ್ ಪಾರ್ಟಿಯಲ್ಲಿ 50% ರಿಯಾಯಿತಿ ಕೊಟ್ಟಿತು. ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿ. ಫಿಯಟ್ 1100ಕ್ಕೆ ವರ್ಷಕ್ಕೆ ಉಳಿಯುವುದು 1,708 ರೂಪಾಯಿ, ಹತ್ತು ವರ್ಷಕ್ಕೆ 17,080. ಕಟ್ಟಿದ 20,000 ಕೂಡ ವಾಪಸ್ ಬರಲಿಲ್ಲ. 1500 ಸಿಸಿ ಮೀರಿದ ದೊಡ್ಡ ಅಮೆರಿಕನ್ ಕಾರಾದರೆ ಸುಮಾರು 39,500 ಉಳಿಯುತ್ತದೆ.

ದುಡ್ಡಿಗಿಂತ ದೊಡ್ಡ ವಿಷಯ ಬಳಕೆಯ ಮಿತಿ. ವಿಎ ನಂಬರಿನ ಗಾಡಿಯನ್ನು ಪ್ರದರ್ಶನ, ವಿಂಟೇಜ್ ರ್‍ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು. ದಿನದ ಓಡಾಟಕ್ಕಿಲ್ಲ, ಬಾಡಿಗೆಗಿಲ್ಲ. ಭಾನುವಾರ ಬೆಳಗ್ಗೆ ಮನೆಯವರನ್ನು ಕೂರಿಸಿಕೊಂಡು ಮಾಟುಂಗಕ್ಕೆ ಇಡ್ಲಿ ತಿನ್ನಲು ಹೋಗುವುದು ಈ ಪಟ್ಟಿಯಲ್ಲಿಲ್ಲ. ಅಂಥ ಹೊತ್ತಲ್ಲಿ ಅಪಘಾತವಾದರೆ ಕಂಪನಿಗೆ ಒಂದು ನೆಪ ಸಿಕ್ಕಿತು. ಕಾರನ್ನು ಆಗಾಗ ಓಡಿಸುವವರು ಮಾಮೂಲಿ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಂಡು ಹೋಗುವುದು ವಾಸಿ ಅಂತ ನನ್ನ ಅಭಿಪ್ರಾಯ.

ಆ ನವೀಕರಣ ಮಾತ್ರ ಮರೆಯಬೇಡಿ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ನೋಂದಣಿ ಇಲ್ಲದ ಗಾಡಿಯ ಓಡಿ ಕ್ಲೇಮ್ ತಿರಸ್ಕರಿಸಬಹುದೆಂದು ಸುಪ್ರೀಂ ಕೋರ್ಟ್ 2014ರಲ್ಲೂ 2021ರಲ್ಲೂ ಹೇಳಿದೆ. 2021ರ ಪ್ರಕರಣದಲ್ಲಿ ತಾತ್ಕಾಲಿಕ ನೋಂದಣಿ ಮುಗಿದಿದ್ದ ಹೊಸ ಗಾಡಿ ಕಳುವಾಗಿತ್ತು. ಪ್ರೀಮಿಯಂ ಕಟ್ಟಿದ್ದರೂ ಪ್ರಯೋಜನವಾಗಲಿಲ್ಲ.

ಇದಕ್ಕಿಂತ ಹೆಚ್ಚು ಮನೆಗಳಲ್ಲಿರುವ ತೊಡಕು ಆರ್‌ಸಿಯ ಹೆಸರು. ಅಪ್ಪ ಹೋಗಿ ಹತ್ತು ವರ್ಷವಾಗಿದೆ, ಆರ್‌ಸಿ ಮತ್ತು ಪಾಲಿಸಿ ಎರಡೂ ಇನ್ನೂ ಅವರ ಹೆಸರಲ್ಲೇ ಇದೆ, ಮಗ ಪ್ರತಿ ವರ್ಷ ನಿಷ್ಠೆಯಿಂದ ದುಡ್ಡು ಕಟ್ಟುತ್ತಿದ್ದಾನೆ. ಮಾಲೀಕರು ತೀರಿಕೊಂಡರೆ ಪಾಲಿಸಿ ನಡೆಯುವುದು ಮೂರು ತಿಂಗಳು ಅಥವಾ ಅದರ ಕೊನೆಯ ದಿನದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ. ಅಷ್ಟರಲ್ಲಿ ಆರ್‌ಸಿಯನ್ನು ವಾರಸುದಾರರ ಹೆಸರಿಗೆ ಮಾಡಿಸಿ ಪಾಲಿಸಿಯನ್ನೂ ಬದಲಿಸಬೇಕು. ತಡವಾಗಿದ್ದರೆ ಈಗಲಾದರೂ ಆರ್‌ಟಿಒಗೆ ಹೋಗಿ, ಅಣ್ಣ ತಮ್ಮಂದಿರ ಒಪ್ಪಿಗೆ ಪತ್ರ ಹಿಡಿದುಕೊಂಡು. ಐಡಿವಿ ಬಗ್ಗೆ ಜಗಳ ಅದಾದ ಮೇಲೆ. ಊರಿನ ಮನೆಯಿಂದ ಕರ್ನಾಟಕದ ನಂಬರಿನ ಕಾರು ತಂದು ಮುಂಬೈಯಲ್ಲಿ ಇಟ್ಟುಕೊಂಡವರೂ ಇದ್ದಾರೆ. 12 ತಿಂಗಳು ಮೀರಿ ಇಲ್ಲೇ ಇದ್ದರೆ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ತರಿಸಿ ಇಲ್ಲಿನ ನಂಬರ್ ಮಾಡಿಸಬೇಕು.

ಮಳೆ, ಮದುವೆ, ಶೂಟಿಂಗ್

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಅವತ್ತು ಮುಳುಗಿದ ಕಾರುಗಳ ಕಥೆ ಮುಂಬೈಯ ಪ್ರತಿ ಗ್ಯಾರೇಜಿನಲ್ಲೂ ಇದೆ. ಪ್ರವಾಹ ಓಡಿಯಲ್ಲಿ ಸೇರಿದೆ, ಬಿರುಗಾಳಿ, ಭೂಕುಸಿತವೂ. ಸೀಟು, ವೈರಿಂಗ್, ಬ್ರೇಕ್ ನೀರಿನಿಂದ ಹಾಳಾದರೆ ಸವಕಳಿ ಕಳೆದು ಕೊಡುತ್ತಾರೆ. ಆದರೆ ಹಿಂದ್ಮಾತಾ ಹತ್ತಿರ ನೀರಲ್ಲಿ ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡಲು ಹೋದರೆ ನೀರು ಸಿಲಿಂಡರಿಗೆ ನುಗ್ಗುತ್ತದೆ. ನೀರನ್ನು ಗಾಳಿಯ ಹಾಗೆ ಒತ್ತಿ ಹಿಂಡಲು ಆಗುವುದಿಲ್ಲ, ಪಿಸ್ಟನ್ ಮೇಲೇರಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದು ಪ್ರವಾಹದ ನೇರ ಹಾನಿಯಲ್ಲ, ನೀವು ಸ್ಟಾರ್ಟ್ ಮಾಡಿದ್ದರಿಂದ ಆದದ್ದು ಅಂತ ಕ್ಲೇಮ್ ನಿಲ್ಲಿಸುತ್ತಾರೆ. ಇದಕ್ಕಿರುವ ಹೆಚ್ಚುವರಿ ಕವರ್ ಎಂಜಿನ್ ಪ್ರೊಟೆಕ್ಟ್, ಸವಕಳಿ ಕಳೆಯದ ಜೀರೋ ಡೆಪ್, ಎರಡೂ ಸಾಮಾನ್ಯವಾಗಿ ಹೊಸ ಕಾರುಗಳಿಗಷ್ಟೇ ಸಿಗುತ್ತವೆ. ಹಳೆ ಕಾರಿನವರಿಗೆ ಉಳಿದದ್ದು ಒಂದೇ. ಬ್ಯಾಟರಿ ಕೇಬಲ್ ಬಿಚ್ಚಿ, ಚಾವಿ ಮುಟ್ಟಬೇಡಿ, ಎಳೆಸಿಕೊಂಡು ಹೋಗಿ.

ಕಾರು ಟ್ರಕ್ ಮೇಲೆ ಸಾಗುವಾಗ ಆಗುವ ಹಾನಿಯೂ ಓಡಿಯಲ್ಲಿ ಸೇರಿದೆ. ಮುಂಬೈಯಿಂದ ಪುಣೆಗೆ ಖಂಡಾಲಾ ಘಾಟಿನಲ್ಲಿ ಹಳೆ ಫಿಯಟ್ ಕುದಿಸುವ ಬದಲು ಫ್ಲಾಟ್‌ಬೆಡ್‌ನಲ್ಲಿ ಕಳಿಸುವವರಿಗೆ ಇದು ಗೊತ್ತಿರಲಿ.

ಇನ್ನು ಬಳಕೆ. ಖಾಸಗಿ ಕಾರಿನ ಪಾಲಿಸಿ ಬಾಡಿಗೆಗೆ ಕೊಟ್ಟ ಕಾರನ್ನು ಕಾಯುವುದಿಲ್ಲ. ಮುಂಬೈಯಲ್ಲಿ ಇದೇ ದೊಡ್ಡ ಆಸೆ. ಗೋರೆಗಾಂವ್‌ನಲ್ಲಿ ಹಳೆ ಕಾಲದ ಕಥೆಯ ಶೂಟಿಂಗ್, ಎರಡು ದಿನಕ್ಕೆ ಕಾರು ಕೊಡಿ ಅಂತ ಫೋನ್ ಬರುತ್ತದೆ. ಮದುವೆಗೆ ಹೂವು ಸುತ್ತಿ ಕೊಡಿ ಅಂತಲೂ ಬರುತ್ತದೆ. ನೆಂಟರ ಮದುವೆಗೆ ದುಡ್ಡಿಲ್ಲದೆ ಕೊಟ್ಟರೆ ತೊಂದರೆಯಿಲ್ಲ. ದುಡ್ಡು ಕೈಗೆ ಬಂತೋ, ಆ ಹೊತ್ತಿನ ಮಟ್ಟಿಗೆ ನಿಮ್ಮ ಕಾರಿಗೆ ಓಡಿ ಇಲ್ಲ ಅಂತಲೇ ತಿಳಿಯಿರಿ. ಕೊಡಲೇಬೇಕಿದ್ದರೆ ಹಾನಿಯ ಹೊಣೆಯನ್ನು ನಿರ್ಮಾಣದವರೇ ಹೊರುತ್ತಾರೆ ಅಂತ ಮೊದಲೇ ಬರೆಸಿಕೊಳ್ಳಿ. ರೇಸ್, ವೇಗದ ಪರೀಕ್ಷೆ, ಗಾಡಿಯ ಸಾಮರ್ಥ್ಯ ಪರೀಕ್ಷಿಸುವ ಓಟ ಇವೂ ಹೊರಗೆ. ರ್‍ಯಾಲಿಗೆ ಬೇರೆಯಾಗಿ ಪಾಲಿಸಿಗೆ ಸೇರಿಸಿಕೊಳ್ಳುವ ಒಂದು ಷರತ್ತು, ಅಂದರೆ ಎಂಡಾರ್ಸ್‌ಮೆಂಟ್ ಇದೆ. ನಿಧಾನಕ್ಕೆ ಮೆರವಣಿಗೆ ಹೋಗುವ ವಿಂಟೇಜ್ ರ್‍ಯಾಲಿ ರೇಸ್ ಅಲ್ಲ ನಿಜ, ಆದರೂ ಹೋಗುವ ಮೊದಲು ಕಂಪನಿಗೆ ಒಂದು ಇಮೇಲ್ ಹಾಕಿ ಉತ್ತರ ತರಿಸಿಟ್ಟುಕೊಳ್ಳಿ.

ಹಾಟ್ ರಾಡ್ ಮಾಡಿಸಿದವರ ಪಾಡು

1932ರ ಫೋರ್ಡ್‌ನ ಫೆಂಡರ್ ಕಿತ್ತು, ದೊಡ್ಡ ವಿ-8 ಎಂಜಿನ್ ಕೂರಿಸಿ, ಕ್ಯಾಲಿಫೋರ್ನಿಯಾದ ಒಣ ಕೆರೆಗಳಲ್ಲಿ ಓಡಿಸಿದವರಿಂದ ಹಾಟ್ ರಾಡ್ ಹುಚ್ಚು ಬೆಳೆಯಿತು. ಅಲ್ಲಿ ಇಂಥ ಕಾರಿಗೆ ಬೇರೆ ನೋಂದಣಿ ಇದೆ, ಮಾರ್ಪಾಡಿನ ದುಡ್ಡನ್ನೂ ಸೇರಿಸಿ ಒಪ್ಪಿದ ಬೆಲೆಗೆ ಇನ್ಶೂರ್ ಮಾಡುತ್ತಾರೆ. ಅಲ್ಲಿನ ವಿಡಿಯೊ ನೋಡಿ ಇಲ್ಲಿ ಪದ್ಮಿನಿಗೆ ಜಪಾನಿ ಎಂಜಿನ್ ಹಾಕಿಸುವ, ಜೀಪನ್ನು ಎತ್ತರಿಸುವ ಹುಡುಗರು ಪುಣೆಯಲ್ಲಿ ಕಮ್ಮಿಯಿಲ್ಲ.

ನಮ್ಮ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೆ ಅಡ್ಡ. ತಯಾರಕರು ಕೊಟ್ಟ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿತು. ಬೇರೆ ಜಾತಿಯ ಎಂಜಿನ್, ಕತ್ತರಿಸಿದ ಬಾಡಿ, ಇಳಿಸಿದ ಚಾಸಿ ಇವಕ್ಕೆ ಆರ್‌ಟಿಒ ಮುದ್ರೆ ಸಿಗುವುದಿಲ್ಲ. ಮುದ್ರೆಯಿಲ್ಲದ ಮಾರ್ಪಾಡು ಇನ್ಶೂರೆನ್ಸ್ ಕಣ್ಣಲ್ಲಿ ಮುಚ್ಚಿಟ್ಟ ವಿಷಯ. ಸರ್ವೇಯರ್ ಮೊದಲು ನೋಡುವುದೇ ಆರ್‌ಸಿಯ ಎಂಜಿನ್ ನಂಬರ್ ಮತ್ತು ಗಾಡಿಯ ಎಂಜಿನ್ ನಂಬರ್ ತಾಳೆಯಾಗುತ್ತದೆಯೇ ಅಂತ. ತಾಳೆಯಾಗದಿದ್ದರೆ ಎಷ್ಟು ಲಕ್ಷ ಐಡಿವಿ ಬರೆಸಿದ್ದರೂ ವ್ಯರ್ಥ.

ದಾರಿ ಪೂರ್ತಿ ಮುಚ್ಚಿಲ್ಲ. ಅದೇ ಬಗೆಯ ಎಂಜಿನ್ ಬದಲಿ, ಬಣ್ಣ, ಸಿಎನ್‌ಜಿ ಕಿಟ್ ಇವನ್ನು ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಬಹುದು. ಎಸಿ, ಮ್ಯೂಸಿಕ್ ಸಿಸ್ಟಮ್, ಒಳ್ಳೆ ಸೀಟುಗಳನ್ನು ಬೇರೆ ಬೆಲೆ ನಮೂದಿಸಿ ಪಾಲಿಸಿಗೆ ಸೇರಿಸಬಹುದು. ಹಳೆ ಟ್ಯಾರಿಫ್‌ನಲ್ಲಿ ಎಸಿ, ಮ್ಯೂಸಿಕ್ ಸಿಸ್ಟಮ್‌ನಂಥ ಎಲೆಕ್ಟ್ರಿಕ್ ಸಾಮಾನಿನ ದರ ಬೆಲೆಯ 4%. ಐವತ್ತು ಸಾವಿರದ ಎಸಿಗೆ ವರ್ಷಕ್ಕೆ ಎರಡು ಸಾವಿರ. ಬರೆಸದೆ ಹಾಕಿಸಿದ ಸಾಮಾನಿಗೆ ಒಂದು ರೂಪಾಯಿಯೂ ಬರುವುದಿಲ್ಲ.

ಕಾರು ಗ್ಯಾರೇಜಿನಲ್ಲಿ ಬಿಚ್ಚಿ ಬಿದ್ದಿದ್ದರೆ, ರೆಸ್ಟೋರ್ ಆಗಲು ವರ್ಷ ಹಿಡಿಯುವಂತಿದ್ದರೆ, ಫುಲ್ ಇನ್ಶೂರೆನ್ಸ್ ಬೇಡ. ರಸ್ತೆಗಿಳಿಯದ ಗಾಡಿಗೆ ಬೆಂಕಿ ಮತ್ತು ಕಳ್ಳತನ ಮಾತ್ರ ಕಾಯುವ ಪಾಲಿಸಿ ಟ್ಯಾರಿಫ್‌ನಲ್ಲಿದೆ. ಹೆಚ್ಚಿನ ಏಜೆಂಟರಿಗೆ ಗೊತ್ತಿರುವುದಿಲ್ಲ, ಶಾಖೆಯಲ್ಲಿ ಕೇಳಬೇಕು. ಕಳಚಿಟ್ಟ ಗ್ರಿಲ್, ಬಂಪರ್, ಹಬ್ ಕ್ಯಾಪ್‌ಗಳ ಪಟ್ಟಿ ಮಾಡಿ ಗ್ಯಾರೇಜಿನವರ ಸಹಿ ಹಾಕಿಸಿ. ಕಪ್ಪು ಹಳದಿ ಬಣ್ಣದ 'ಕಾಳಿ ಪೀಲಿ' ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ 30ಕ್ಕೆ ಮುಂಬೈ ರಸ್ತೆಯಿಂದ ಪೂರ್ತಿ ಹೋದ ಮೇಲೆ ಈ ಸಾಮಾನು ಹುಡುಕುವುದು ಸುಲಭವಾಗಲಂತೂ ಹೋಗುವುದಿಲ್ಲ.

ಕ್ಲೇಮ್ ಮಾಡುವ ದಿನ ಬಂದರೆ, ಸರ್ವೇಯರ್ ನೋಡುವ ಮೊದಲು ಒಂದು ಬೋಲ್ಟ್ ಕೂಡ ಬಿಚ್ಚಿಸಬೇಡಿ. ಹಳೆ ಕಾರು ಗೊತ್ತಿರುವ ಮೆಕ್ಯಾನಿಕ್ ಆ ಹೊತ್ತು ಪಕ್ಕದಲ್ಲಿರಲಿ. ಬಾನೆಟ್ ಹೊಸದು ಸಿಗುವುದಿಲ್ಲ, ತಟ್ಟಿ ಸರಿಮಾಡಬೇಕು ಅಂತ ಅವರು ಹೇಳಿದರೆ ಸರ್ವೇಯರ್‌ಗೂ ಅರ್ಥವಾಗುತ್ತದೆ. ಮೇಲೆ ನೋಡಿದಂತೆ ಕೂಲಿಗೆ ಸವಕಳಿ ಇಲ್ಲವಾದ್ದರಿಂದ ತಟ್ಟಿಸುವುದೇ ನಿಮಗೂ ಲಾಭ. ತೆಗೆದ ಹಳೆ ಭಾಗಗಳನ್ನು ಕ್ಲೇಮ್ ಮುಗಿಯುವವರೆಗೆ ಎಸೆಯಬೇಡಿ. ಕಂಪನಿ ಒಪ್ಪಿದ ಐಡಿವಿಗಿಂತ ಕಮ್ಮಿ ಕೊಡಲು ಬಂದರೆ ಮೊದಲು ಅವರ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಸರಿಯಾಗದಿದ್ದರೆ ಇಂಥ ದೂರುಗಳನ್ನು ತೀರ್ಮಾನಿಸುವ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಇದ್ದಾರೆ. ಮುಂಬೈಯಲ್ಲೂ ಪುಣೆಯಲ್ಲೂ ಕಚೇರಿಯಿದೆ, 50 ಲಕ್ಷದವರೆಗಿನ ತಕರಾರು ಕೇಳುತ್ತಾರೆ, ಶುಲ್ಕವಿಲ್ಲ, ವಕೀಲರೂ ಬೇಡ.